ಪ್ರತಿ ಹನಿಯಲ್ಲೂ ಇಬ್ಬರು

"ಗಾಯ ಹುಡುಕೋದು ಬಿಡಿ ಮೇಡಂ. ಆ ಮನುಷ್ಯನ ಮೈಮೇಲೆ ನಿಮಗೆ ಗಾಯ ಸಿಗೋದಿಲ್ಲ," ಎಂದರು ಪ್ರಯೋಗಾಲಯದ ಡಾಕ್ಟರು, ಸೂಕ್ಷ್ಮದರ್ಶಕದಿಂದ ತಲೆ ಎತ್ತದೆಯೇ.

ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತಳು.

ಫೋಟೊ ಫ್ರೇಮ್ ಅಂಗಡಿಯವನ ತಲೆ ಒಡೆದು ಕೊಂದವರು ಯಾರೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಠಾಣೆಯವರೆಲ್ಲ ನಿರಾಳವಾಗಿದ್ದರು. ಸತ್ತವನ ರಕ್ತ ಬಿಟ್ಟರೆ ಅಂಗಡಿಯ ನೆಲದ ಮೇಲೆ ಬಿದ್ದಿದ್ದ ಉಳಿದ ರಕ್ತ ಲಾಕಪ್ಪಿನಲ್ಲಿರುವ ಬಸ್ ಡ್ರೈವರನದು. ಇನ್ನೇನು ಬೇಕು? ಆದರೆ ಅಷ್ಟು ರಕ್ತ ಸುರಿಸಿದವನ ಮೈಮೇಲೆ ಒಂದು ಗೀರೂ ಇಲ್ಲ. ಆ ಸಂಗತಿ ಅವಳೊಬ್ಬಳನ್ನು ಮಾತ್ರ ಹಲ್ಲಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು.

"ಕೂತ್ಕೊಂಡ್ರೆ ದಂಡ ಹಾಕ್ತಾರಾ ನಿಮ್ಮ ಇಲಾಖೇಲಿ?" ಡಾಕ್ಟರು ಸ್ಟೂಲನ್ನು ಕಾಲಿನಿಂದಲೇ ಅವಳತ್ತ ನೂಕಿದರು. "ಬಿಸ್ಕತ್ತು ತಗೊಳ್ಳಿ. ಕೆಮಿಕಲ್ ಪಕ್ಕ ಇಟ್ಟಿದ್ದಲ್ಲ, ಹೆದರಬೇಡಿ."

ಅವಳು ಕೂತಳು. ಬಿಸ್ಕತ್ತು ಮುಟ್ಟಲಿಲ್ಲ. ಠಾಣೆಯ ಹುಡುಗರು ಬೆನ್ನ ಹಿಂದೆ ಅವಳನ್ನು 'ಬೀಗದ ಮೇಡಂ' ಎನ್ನುತ್ತಿದ್ದರು, ಬಾಯಿ ತೆರೆಯುವುದೇ ಅಪರೂಪವೆಂದು. ಅದು ಅವಳಿಗೂ ಗೊತ್ತಿತ್ತು. ಮನೆಯಲ್ಲಿ ಮಾತಾಡಿಸುವವರು ಯಾರೂ ಇಲ್ಲದೆ ವರ್ಷಗಳಾದರೆ ನಾಲಿಗೆ ತಾನಾಗಿಯೇ ಮಡಚಿಕೊಳ್ಳುತ್ತದೆ ಎಂದು ಆ ಹುಡುಗರಿಗೆ ಹೇಗೆ ಹೇಳುವುದು? ಈ ಮುದಿ ಡಾಕ್ಟರು ಫೋನಿನಲ್ಲೇ ಹೇಳಬಹುದಾದದ್ದನ್ನು ಕೇಳಲು ಅವಳು ಇಷ್ಟು ದೂರ ಬಂದದ್ದರಲ್ಲಿ ಕೇಸಿನ ಪಾಲು ಎಷ್ಟು, ಆ ಸ್ಟೂಲಿನ ಪಾಲು ಎಷ್ಟು ಎಂದು ಯಾರೂ ಕೇಳಿರಲಿಲ್ಲ.

"ನೆಲದ ಮೇಲಿನ ಹನಿಗಳನ್ನ ಒಂದೊಂದಾಗಿ ಬೇರೆ ಬೇರೆ ಪರೀಕ್ಷೆ ಮಾಡಿಸಿದೆ," ಎಂದರು ಡಾಕ್ಟರು. "ಎಲ್ಲದರಲ್ಲೂ ನಿಮ್ಮ ಡ್ರೈವರನ ಡಿಎನ್‌ಎ. ಆದರೆ ಎಲ್ಲದರಲ್ಲೂ ಇನ್ನೊಬ್ಬರದೂ ಸ್ವಲ್ಪ ಇದೆ."

"ಅಂದ್ರೆ ಇಬ್ಬರಿಗೆ ಗಾಯ ಆಗಿದೆ."

"ನಾನೂ ಹಾಗೇ ಅಂದ್ಕೊಂಡೆ. ಆದರೆ ಇಬ್ಬರ ರಕ್ತ ಬಿದ್ದಿದ್ರೆ ಒಂದು ಹನಿ ಇವನದು, ಒಂದು ಹನಿ ಅವರದು, ಮೇಲೆ ಮೇಲೆ ಬಿದ್ದ ಕಡೆ ಬೆರೆತಿದ್ದು, ಹೀಗೆ ಇರಬೇಕು ತಾನೆ? ಇಲ್ಲಿ ಯಾವ ಹನಿ ತಗೊಂಡ್ರೂ ಅದೇ ಅಳತೆ. ಪಾತ್ರೇಲಿ ಹಾಲು ಬೆರೆಸಿಕೊಂಡು ಆಮೇಲೆ ಚಹಾನ ಲೋಟಕ್ಕೆ ಬಗ್ಗಿಸಿದ ಹಾಗೆ." ಅವರು ಕನ್ನಡಕ ತೆಗೆದರು. "ಬೆರೆತಿದ್ದು ನೆಲದ ಮೇಲಲ್ಲ ಮೇಡಂ. ಮೈಯೊಳಗೆ."

ಅವಳು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಆ ಇನ್ನೊಬ್ಬರು ಹೆಣ್ಣು. ಡ್ರೈವರನ ಒಡಹುಟ್ಟಿದವಳು, ಅದರಲ್ಲಿ ಅನುಮಾನ ಬೇಡ. ಅವಳಿಗೆ ಯಾವತ್ತೋ ರಕ್ತದ ಕ್ಯಾನ್ಸರ್ ಆಗಿತ್ತು ಅಂತ ಇಟ್ಕೊಳ್ಳಿ. ಮೂಳೆಯೊಳಗಿನ ಮಜ್ಜೇನೇ ರಕ್ತ ತಯಾರಾಗೋ ಜಾಗ. ಅದು ಕೆಟ್ಟಾಗ ಬಲವಾದ ಔಷಧಿ ಕೊಟ್ಟು ಅದನ್ನ ಸುಟ್ಟೇಬಿಡ್ತಾರೆ. ಆಮೇಲೆ ಹೊಂದಿಕೆಯಾಗೋರ ಮಜ್ಜೆ ತಂದು ರಕ್ತ ಏರಿಸಿದ ಹಾಗೇ ಏರಿಸ್ತಾರೆ. ಅದು ದಾರಿ ಹುಡುಕ್ಕೊಂಡು ಹೋಗಿ ಮೂಳೆಯೊಳಗೆ ಸಂಸಾರ ಹೂಡುತ್ತೆ. ಅಲ್ಲಿಂದಾಚೆಗೆ ಅವಳ ಚರ್ಮ ಅವಳದು, ಕೂದಲು ಅವಳದು, ರಕ್ತ ಮಾತ್ರ ಕೊಟ್ಟವನದು."

"ಹಾಗಾದ್ರೆ ಹನೀಲಿ ಪೂರ್ತಿ ಅವನೇ ಇರಬೇಕಿತ್ತಲ್ಲ? ಅವಳು ಯಾಕೆ ಬಂದಳು?"

ಡಾಕ್ಟರ ಮುಖದಿಂದ ತಮಾಷೆ ಇಳಿದುಹೋಯಿತು.

"ಅದೇ ಸಂಕಟ. ಸುಟ್ಟುಹಾಕಿದ್ದು ಮತ್ತೆ ಚಿಗುರ್ತಾ ಇದೆ. ಕಾಯಿಲೆ ವಾಪಸು ಬಂದಿರಬೇಕು. ಗಟ್ಟಿಯಾಗಿ ಹೇಳೋಕೆ ಅವಳೇ ಬೇಕು."

"ಎಷ್ಟು ಸಮಯ ಇದೆ?"

"ನೆಲ ನೋಡಿ ನಾಡಿ ಹೇಳೋ ವಿದ್ಯೆ ನಾನು ಕಲಿತಿಲ್ಲ. ತಡ ಮಾಡೋ ಹಾಗಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಸಾಮಾನ್ಯವಾಗಿ ಮೊದಲು ಕೊಟ್ಟವರ ಹತ್ತಿರಾನೇ ಮತ್ತೆ ಹೋಗ್ತಾರೆ. ಅವರ ಬಿಳಿ ರಕ್ತಕಣ ತೆಗೆದು ಕೊಟ್ರೆ ಅವು ಒಳಗೆ ಹೋಗಿ ಕಾದಾಡ್ತವೆ." ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಅಂದ್ರೆ ಅವಳ ಔಷಧಿ ಈಗ ನಿಮ್ಮ ಲಾಕಪ್ಪಲ್ಲಿ ಕೂತಿದೆ."

*

ಠಾಣೆಗೆ ಹೋಗುವ ಬದಲು ಅವಳು ಜೀಪನ್ನು ಫ್ರೇಮ್ ಅಂಗಡಿಯತ್ತ ತಿರುಗಿಸಿದಳು.

ಮುಂಗಟ್ಟಿನಲ್ಲಿ ಗಾಜಿನ ಹಾಳೆಗಳು ಗೋಡೆಗೊರಗಿ ನಿಂತಿದ್ದವು. ಮರದ ಪಟ್ಟಿಗಳು, ಅಂಟಿನ ಡಬ್ಬಿ, ಪುಡಿ ಮೊಳೆ. ಯಾರೂ ಒಯ್ಯಲು ಬಾರದ ಫೋಟೊಗಳು ಸಾಲಾಗಿ ಗೋಡೆಯ ಮೇಲೆ: ಮದುಮಕ್ಕಳು, ಮಗು, ಪದಕ ಹಿಡಿದ ಹುಡುಗಿ. ಇಷ್ಟು ಜನರ ನಡುವೆ ಅಂಗಡಿಯವನು ಒಬ್ಬನೇ ಬದುಕಿದ್ದನೆಂದು ಅಕ್ಕಪಕ್ಕದವರು ಹೇಳಿದ್ದರು. ಯಾರ ತಂಟೆಗೂ ಹೋಗದವನು, ಯಾರನ್ನೂ ಒಳಗೆ ಕರೆಯದವನು.

ಹಿಂದಿನ ಕೋಣೆಗೆ ಅವಳು ಮೂರನೆಯ ಸಲ ಬಂದಿದ್ದಳು. ಮೊದಲೆರಡು ಸಲ ಕೊಲೆಗಾರನನ್ನು ಹುಡುಕಿಕೊಂಡು ಬಂದಿದ್ದಳು. ಈಗ ಒಬ್ಬ ರೋಗಿಯನ್ನು ಹುಡುಕುತ್ತಿದ್ದಳು. ಹಾಗಾಗಿ ಅದೇ ಕೋಣೆ ಬೇರೆಯಾಗಿ ಕಂಡಿತು.

ಕಿಟಕಿಯ ಪಕ್ಕ ಸ್ಟೂಲು. ಅದರ ಮುಂದೆ ಸೀಮೆಸುಣ್ಣದಿಂದ ಸುತ್ತು ಹಾಕಿದ ಹನಿಗಳು. ಎಲ್ಲವೂ ದುಂಡಗೆ, ಒಂದೇ ಕಡೆ, ಒಂದರ ಮೇಲೊಂದು. ಹೊಡೆದಾಟದಲ್ಲಿ ರಕ್ತ ಹೀಗೆ ಬೀಳುವುದಿಲ್ಲ, ಗೋಡೆಗೆ ಚಿಮ್ಮುತ್ತದೆ, ಕಾಲಿಗೆ ಸಿಕ್ಕಿ ಒರೆಸಿಹೋಗುತ್ತದೆ. ಇದು ಸುಮ್ಮನೆ ಕೂತು ತಲೆ ಬಗ್ಗಿಸಿದವರ ಮೂಗಿನಿಂದ ತೊಟ್ಟಿಕ್ಕಿದ ರಕ್ತ. ಪಕ್ಕದಲ್ಲಿ ನೀರಿನ ಬೇಸಿನ್ನು ಇತ್ತು. ಅಂಗಡಿಯವನ ಹೆಣ ಸಿಕ್ಕಾಗ ಅವನ ಅಂಗಿಯ ಎರಡೂ ತೋಳು ಮೇಲಕ್ಕೆ ಮಡಚಿದ್ದವು, ಬಲಗೈಯಲ್ಲಿ ಒದ್ದೆ ಬಟ್ಟೆಯಿತ್ತು. ಕೊಲೆಗಾರ ತನ್ನ ಗುರುತು ಅಳಿಸಲು ಹೋಗಿ ಬಟ್ಟೆಯನ್ನು ಅವನ ಕೈಗೆ ತುರುಕಿದ್ದಾನೆ ಎಂದು ಠಾಣೆಯಲ್ಲಿ ಒಬ್ಬ ಬುದ್ಧಿವಂತ ವಾದಿಸಿದ್ದ.

ಹಾಗಲ್ಲ. ಅವನು ಯಾರದೋ ಮುಖ ಒರೆಸುತ್ತಿದ್ದ. ಬೆನ್ನು ಬಾಗಿಲಿಗಿತ್ತು. ಹಿಂದಿನಿಂದ ಬಂದ ಪೆಟ್ಟು ಅವನಿಗೆ ಕಾಣಲೇ ಇಲ್ಲ.

ಕಿಟಕಿಯ ಕೆಳಗಿನ ಗಾಜುಗಳಿಗೆಲ್ಲ ಕಂದು ಕಾಗದ ಅಂಟಿಸಿತ್ತು. ಅವಳು ಸ್ಟೂಲಿನ ಮೇಲೆ ಕೂತಳು. ಕಣ್ಣಿನ ಎತ್ತರಕ್ಕೆ ಸರಿಯಾಗಿ, ಕಾಗದದಲ್ಲಿ ಅಂಗೈಯಗಲದ ಒಂದು ಚೌಕ. ಹರಿದದ್ದಲ್ಲ, ಫ್ರೇಮಿನವನ ಚಾಕುವಿನಿಂದ ಅಚ್ಚುಕಟ್ಟಾಗಿ ಕತ್ತರಿಸಿದ್ದು. ಚೌಕದಾಚೆ ರಸ್ತೆ, ರಸ್ತೆಯ ತಿರುವಿನಲ್ಲಿ ಬಸ್ ನಿಲ್ದಾಣ.

ಬಸ್ಸೊಂದು ಬಂದು ನಿಂತಿತು. ಡ್ರೈವರನ ಮುಖ ಅರ್ಧ ಕಾಣಿಸಿತು, ಸ್ಟಿಯರಿಂಗಿನ ಮೇಲೆ ಒಂದು ಕೈ.

ಇದೇ ಕೋಣೆಯ ಹಾಸಿಗೆಯ ಪಕ್ಕ ಸಿಕ್ಕಿದ್ದ ಫೋಟೊದ ಪ್ರತಿಯನ್ನು ಅವಳು ಫೋನಿನಲ್ಲಿ ತೆರೆದಳು. ಈಗ ಲಾಕಪ್ಪಿನಲ್ಲಿರುವವನದೇ ಚಿತ್ರ, ಚಂದದ ಫ್ರೇಮಿನಲ್ಲಿ. ಅದರ ಗುರುತಿನಿಂದಲೇ ಅವನನ್ನು ಹಿಡಿದು ತಂದಿದ್ದರು. ಈ ಅಂಗಡಿಯನ್ನೇ ಕಂಡಿಲ್ಲ, ಆ ಫೋಟೊ ಯಾವಾಗ ತೆಗೆದರೆಂದೇ ಗೊತ್ತಿಲ್ಲ ಎಂದು ಅವನು ಬಡಿದುಕೊಂಡರೆ ಯಾರೂ ನಂಬಿರಲಿಲ್ಲ. ಅರ್ಧ ಮುಖ. ಸ್ಟಿಯರಿಂಗಿನ ಮೇಲೆ ಒಂದು ಕೈ. ಅಂಚಿನಲ್ಲಿ ಮಸುಕಾಗಿ ಕಂದು ಕಾಗದ.

ಯಾರೋ ಇಲ್ಲಿ ಕೂತು ದಿನವೂ ಅವನು ಹಾದುಹೋಗುವುದನ್ನು ನೋಡಿದ್ದರು. ಇಷ್ಟು ಹತ್ತಿರದಿಂದ. ಕೂಗಿದರೆ ಕೇಳುವಷ್ಟು ಹತ್ತಿರದಿಂದ. ಕೂಗಿರಲಿಲ್ಲ.

ಬಸ್ಸು ಹೊರಟುಹೋಯಿತು. ಇನ್‌ಸ್ಪೆಕ್ಟರ್ ಸ್ವಲ್ಪ ಹೊತ್ತು ಆ ಸ್ಟೂಲಿನಿಂದ ಏಳಲಿಲ್ಲ.

*

ಡ್ರೈವರ್ ಲಾಕಪ್ಪಿನ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ. ನಲವತ್ತು ದಾಟಿದ ಗಟ್ಟಿ ಆಳು. ಯೂನಿಫಾರ್ಮಿನ ಕಾಲರಿಗೆ ತಾನೇ ಹೊಲಿಗೆ ಹಾಕಿಕೊಂಡಿದ್ದ, ಗಂಡಸಿನ ಕೈಯ ಒರಟು ಹೊಲಿಗೆ.

"ಮತ್ತೆ ಅದೇ ಪ್ರಶ್ನೆನಾ ಮೇಡಂ?" ಎಂದ. "ರಜೆ ಇತ್ತು. ಮನೇಲಿ ಮಲಗಿದ್ದೆ. ಮಲಗಿದ್ದ ಅಂತ ಹೇಳೋಕೆ ಮನೇಲಿ ಇನ್ನೊಬ್ಬರು ಇರಬೇಕಲ್ಲ? ನನಗೆ ಸಾಕ್ಷಿ ಅಂದ್ರೆ ನನ್ನ ದಿಂಬು."

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಅದೇ ದಿನ ನೀನೆಲ್ಲಿದ್ದೆ ಎಂದು ಯಾರಾದರೂ ತನ್ನನ್ನು ಕೇಳಿದರೆ ತನ್ನ ಉತ್ತರವೂ ಇಷ್ಟೇ ತಾನೆ?

"ಬೇರೆ ಪ್ರಶ್ನೆ," ಎಂದಳು. "ನೀವು ಯಾರಿಗಾದ್ರೂ ಮಜ್ಜೆ ಕೊಟ್ಟಿದ್ದೀರಾ?"

ಅವನು ತಟ್ಟನೆ ತಲೆ ಎತ್ತಿದ.

"ಅಕ್ಕನಿಗೆ. ತುಂಬ ವರ್ಷ ಆಯ್ತು. ಅದಕ್ಕೂ ಇದಕ್ಕೂ ಏನು?"

"ಈಗ ಅಕ್ಕ ಎಲ್ಲಿ?"

"ಇಲ್ಲ. ತೀರಿಹೋದಳು." ಅವನು ಅಂಗೈಯನ್ನು ಮೊಣಕಾಲಿಗೆ ಉಜ್ಜಿದ. "ಅಮ್ಮ ಹೋದ ಮೇಲೆ ನನ್ನನ್ನ ಸಾಕಿದ್ದು ಅವಳು ಮೇಡಂ. ತಾನು ಶಾಲೆ ಬಿಟ್ಟು ನನ್ನನ್ನ ಓದಿಸಿದಳು. ನಾನು ಓದಿ ಉದ್ಧಾರ ಆಗಿದ್ದು ಕಾಣ್ತಿದೆಯಲ್ಲ. ಅವಳಿಗೆ ಕಾಯಿಲೆ ಅಂದಾಗ ಡಾಕ್ಟರು ನನ್ನ ಪರೀಕ್ಷೆ ಮಾಡಿ ಪೂರ್ತಿ ಹೊಂದುತ್ತೆ ಅಂದ್ರು. ಜೀವನದಲ್ಲಿ ಅದೊಂದೇ ಪರೀಕ್ಷೆ ನಾನು ಪೂರ್ತಿ ಪಾಸಾಗಿದ್ದು." ಸ್ವಲ್ಪ ನಕ್ಕ. "ಹುಷಾರಾದಳು. ಆಮೇಲೆ ಏನಾಯ್ತೋ, ಮಾತು ಬಿಟ್ಟಳು. ಫೋನ್ ಮಾಡಿದ್ರೆ ಎತ್ತಲ್ಲ. ಹೋದ್ರೆ ಬಾಗಿಲು ತೆಗೆಯಲ್ಲ. ನಾನೇನು ತಪ್ಪು ಮಾಡಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಆಮೇಲೊಂದು ದಿನ ಸುದ್ದಿ ಬಂತು."

"ಹೆಣ ನೋಡಿದ್ರಾ?"

"ಇಲ್ಲ. ಸೋಂಕಿತ್ತಂತೆ, ಆಗಲೇ ಎಲ್ಲ ಮುಗಿಸಿಬಿಟ್ಟಿದ್ರು."

ಇನ್‌ಸ್ಪೆಕ್ಟರ್ ಕಂಬಿಯ ಹೊರಗೆ ನೆಲದ ಮೇಲೆಯೇ ಕೂತಳು. ಪೇದೆ ಕುರ್ಚಿ ತರಲು ಓಡಿದವನು ಅವಳ ಮುಖ ನೋಡಿ ಅಲ್ಲೇ ನಿಂತ.

"ಕೇಳಿ," ಎಂದಳು. "ಆ ಅಂಗಡೀಲಿ ಬಿದ್ದ ರಕ್ತ ನಿಮ್ಮದೇ. ಆದರೆ ನೀವು ಸುರಿಸಿದ್ದಲ್ಲ."

ಅವನಿಗೆ ತಿಳಿಯಲಿಲ್ಲ. ಅವಳು ಡಾಕ್ಟರು ಹೇಳಿದ್ದನ್ನು ತನಗೆ ಬಂದ ಮಾತಿನಲ್ಲಿ ಬಿಡಿಸಿ ಹೇಳಿದಳು. ಸ್ಟೂಲಿನ ವಿಷಯ ಹೇಳಿದಳು. ಕಾಗದದ ಚೌಕದ ವಿಷಯ ಹೇಳುವಾಗ ಅವಳ ದನಿ ತಾನಾಗಿ ಇಳಿಯಿತು.

ಅವನು ತನ್ನ ಮುಂಗೈಯನ್ನು ತಿರುಗಿಸಿ ಅಲ್ಲಿಯ ನೀಲಿ ನರಗಳನ್ನು ನೋಡಿದ, ಯಾರದೋ ಕೈ ನೋಡುವವನಂತೆ.

"ಹಾಗಾದ್ರೆ ಇದ್ದಾಳೆ," ಎಂದ. "ಮೇಡಂ, ಅಕ್ಕ ಇದ್ದಾಳೆ."

ಕೊಲೆಯ ಆಪಾದನೆ ಹೊತ್ತು ಕೂತವನ ಮುಖ ಅಷ್ಟು ಅರಳಿದ್ದನ್ನು ಆ ಠಾಣೆ ಹಿಂದೆ ಕಂಡಿರಲಿಲ್ಲ. ಆದರೆ ಅದು ಕ್ಷಣದ ಮಾತು. ಅವನ ಕಣ್ಣು ಕಿರಿದಾಯಿತು. ಎದ್ದು ಕಂಬಿಯ ಹತ್ತಿರ ಬಂದ.

"ಬರ್ಕೊಳ್ಳಿ. ನಾನೇ ಕೊಂದಿದ್ದು."

"ಏನಂದ್ರಿ?"

"ಫ್ರೇಮಿನವನನ್ನ ನಾನೇ ಹೊಡೆದಿದ್ದು. ಹಿಂದಿನಿಂದ ಹೋಗಿ ಹೊಡೆದೆ. ಎಲ್ಲಿ ಸಹಿ ಹಾಕಬೇಕು?"

"ಯಾವುದರಿಂದ ಹೊಡೆದ್ರಿ?"

"ಸುತ್ತಿಗೆ."

"ಅಲ್ಲ."

"ರಾಡು. ಏನೋ ಒಂದು. ಕೋಪದಲ್ಲಿ ನೆನಪಿರುತ್ತಾ?"

"ಕೂತ್ಕೊಳ್ಳಿ," ಎಂದಳು ಇನ್‌ಸ್ಪೆಕ್ಟರ್ ಮೆತ್ತಗೆ. "ನಿಮ್ಮಕ್ಕ ಕೊಂದಿದ್ದಾಳೆ ಅಂದ್ಕೊಂಡ್ರಿ ತಾನೆ? ಅವಳಲ್ಲ. ಅವಳು ತಲೆ ಬಗ್ಗಿಸಿ ಕೂತಿದ್ದಳು, ಮೂಗಿನಿಂದ ರಕ್ತ ಬರ್ತಿತ್ತು. ಆ ಮನುಷ್ಯ ಒರೆಸ್ತಾ ಇದ್ದ. ಕೊಲೆ ಅವಳ ಕಣ್ಣೆದುರೇ ಆಗಿದೆ. ಆಮೇಲೆ ಕೊಂದವನು ಅವಳನ್ನ ಕರ್ಕೊಂಡು ಹೋಗಿದ್ದಾನೆ. ನಡೆಯೋ ಶಕ್ತಿ ಇಲ್ಲದವಳು ತಾನಾಗಿ ಎಲ್ಲಿಗೆ ಹೋಗ್ತಾಳೆ?"

ಡ್ರೈವರ್ ಕಂಬಿ ಬಿಟ್ಟು ನೆಲದ ಮೇಲೆ ಕೂತ.

"ಒಬ್ಬರು ಅವಳ ಮುಖ ಒರೆಸ್ತಾ ಇದ್ರು," ಎಂದ. "ಸದ್ಯ. ಅಷ್ಟಾದ್ರೂ ಇತ್ತು ಅವಳಿಗೆ."

"ಅಕ್ಕ ಸತ್ತಳು ಅಂತ ನಿಮಗೆ ಹೇಳಿದ್ದು ಯಾರು?"

"ಭಾವ."

"ಅವಳ ಗಂಡ?"

"ಹ್ಞೂಂ. ತಾವೇ ಬಂದು ಹೇಳಿದ್ರು. ಅವಳ ಕನ್ನಡಕ ತಂದು ನನ್ನ ಕೈಗಿಟ್ಟು ಅತ್ತುಬಿಟ್ರು. ಔಷಧಿಯ ಸಗಟು ವ್ಯಾಪಾರ ಅವರದು, ದೊಡ್ಡ ಮನುಷ್ಯರು. ಆದರೂ ನನ್ನನ್ನ ಮರೆತಿಲ್ಲ ಮೇಡಂ. ಆಗಾಗ ಫೋನ್ ಮಾಡ್ತಾರೆ. ಜ್ವರಗಿರ ಬಂದಿಲ್ಲ ತಾನೆ, ಕುಡಿಯೋಕೆ ಶುರು ಮಾಡಿಲ್ಲ ತಾನೆ, ಮೈ ಚೆನ್ನಾಗಿ ನೋಡ್ಕೋ ಅಂತಾರೆ. ನನಗೆ ಅಂತ ಇರೋದು ಅವರೊಬ್ಬರೇ..."

ಹೇಳುತ್ತ ಹೇಳುತ್ತ ಅವನ ಮಾತು ನಿಂತುಹೋಯಿತು. ತಾನು ಹೇಳಿದ್ದನ್ನು ತಾನೇ ಈಗ ಮೊದಲ ಸಲ ಕೇಳಿಸಿಕೊಂಡವನಂತೆ ಅವಳತ್ತ ನೋಡಿದ.

ಮೈ ಚೆನ್ನಾಗಿ ನೋಡ್ಕೋ. ಯಾರಿಗೋಸ್ಕರ?

ಹಿಂದೆ ಪೇದೆ ಕೆಮ್ಮಿದ.

"ಮೇಡಂ, ಇವರನ್ನ ನೋಡೋಕೆ ಒಬ್ಬರು ಬಂದಿದ್ದಾರೆ. ಭಾವ ಅಂತೆ."

*

ಬಂದವನು ಎತ್ತರದ, ನೀಟಾದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಒರೆಸಿ ಹೊಳಪಿಸಿದ ಬೂಟು. ನಮಸ್ಕಾರ ಮಾಡಿ, ಕೂರಲು ಹೇಳುವವರೆಗೆ ನಿಂತೇ ಇದ್ದ.

"ನನ್ನ ಭಾಮೈದುನ ಸೊಳ್ಳೆ ಹೊಡೆಯೋಕೂ ಯೋಚನೆ ಮಾಡೋನು," ಎಂದ. "ಆದರೂ ನಿಮ್ಮ ಕೆಲಸ ನೀವು ಮಾಡಿ. ನಾನು ಜಾಮೀನು ಕೇಳೋಕೆ ಬಂದಿಲ್ಲ. ಒಂದು ದಿನದ ಮಟ್ಟಿಗೆ ಕಳಿಸಿಕೊಡಿ, ಬೇಕಾದ್ರೆ ನಿಮ್ಮ ಪೇದೆ ಜೊತೇಲೇ ಕಳಿಸಿ. ಆಸ್ಪತ್ರೇಲಿ ಒಬ್ಬರಿಗೆ ಅವನ ರಕ್ತ ಬೇಕಾಗಿದೆ."

"ಯಾರಿಗೆ?"

"ನನ್ನ ಹೆಂಡತಿಗೆ."

ಅಷ್ಟು ಸಲೀಸಾಗಿ ಹೇಳುತ್ತಾನೆಂದು ಅವಳು ಎಣಿಸಿರಲಿಲ್ಲ.

"ಸತ್ತುಹೋದ ಹೆಂಡತಿಗೆ," ಎಂದಳು.

"ಮನೆ ಬಿಟ್ಟು ಇನ್ನೊಬ್ಬನ ಬೆನ್ನು ಹತ್ತಿ ಹೋದವಳು ನನ್ನ ಪಾಲಿಗೆ ಸತ್ತಳು ಅಂದ್ಕೊಂಡೆ. ಅದನ್ನೇ ಅವನಿಗೆ ಹೇಳಿದೆ. ಸುಳ್ಳು ಹೇಳಿದ್ದು ತಪ್ಪು, ಒಪ್ಪಿದೆ. ಜೈಲಿಗೆ ಹಾಕೋವಂಥ ತಪ್ಪಾ?"

"ಈಗ ಎಲ್ಲಿದ್ದಾಳೆ?"

"ವಾಪಸು ಬಂದಿದ್ದಾಳೆ. ಚಿಕಿತ್ಸೆ ನಡೀತಿದೆ. ಎಲ್ಲಿ ಅಂತ ಕೇಳಬೇಡಿ. ಮೈ ತುಂಬ ನಾಜೂಕಾಗಿದೆ, ಪೊಲೀಸ್ ಬೂಟು ಒಳಗೆ ಬಂದ್ರೆ ತಡೆಯೋ ಸ್ಥಿತೀಲಿ ಇಲ್ಲ." ಅವನು ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರು ನಿಜವೇ ಇತ್ತು, ಅದೇ ಅವಳನ್ನು ಹೆದರಿಸಿತು. "ನನ್ನನ್ನ ಕೂಡಿಹಾಕಬಹುದು ನೀವು. ನಾನು ಬಾಯಿ ಬಿಡಲ್ಲ. ಆಗ ಹೋಗೋದು ನನ್ನ ಜೀವ ಅಲ್ಲ."

ಇವನನ್ನು ಹಿಡಿದರೆ ಡ್ರೈವರನ ಅಕ್ಕ ಎಲ್ಲೋ ಒಂದು ಕೋಣೆಯಲ್ಲಿ ಒಬ್ಬಳೇ ಸಾಯುತ್ತಾಳೆ. ಬಿಟ್ಟರೆ ಕಣ್ಣೆದುರಿನ ಕೊಲೆಗಾರ ಕೈತಪ್ಪಿಹೋಗುತ್ತಾನೆ. ಯಾರನ್ನಾದರೂ ಕೇಳೋಣವೆಂದರೆ ಕೇಳಲು ಯಾರಿದ್ದಾರೆ? ಇಂಥ ಹೊತ್ತಿನಲ್ಲಿ ಫೋನು ಮಾಡಿ 'ಏನು ಮಾಡಲಿ' ಎನ್ನಬಹುದಾದ ಒಂದು ನಂಬರೂ ತನ್ನ ಬಳಿ ಇಲ್ಲವೆಂದು ಅವಳಿಗೆ ಆಗಲೇ ಹೊಳೆದದ್ದು.

"ಭಾವಾ!"

ಪಕ್ಕದ ಲಾಕಪ್ಪಿನಿಂದ ದನಿ ಬಂತು. ಕಂಬಿಯ ನಡುವೆ ಮುಖವಿಟ್ಟು ಡ್ರೈವರ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೂಗಾಡಲಿಲ್ಲ, ಬಯ್ಯಲಿಲ್ಲ.

"ಕೊಡ್ತೀನಿ," ಎಂದ. "ರಕ್ತ, ಮಜ್ಜೆ, ಏನು ಬೇಕೋ ತಗೊಳ್ಳಿ. ಮೊದಲು ಒಂದ್ಸಲ ಅವಳ ದನಿ ಕೇಳಿಸಿ."

"ಅವಳಿಗೆ ಮಾತಾಡೋಕೆ ಆಗಲ್ಲಪ್ಪ."

"ಉಸಿರಾಡೋದು ಕೇಳಿಸಿದ್ರೂ ಸಾಕು. ಇಲ್ಲದಿದ್ರೆ ನಾನು ಕೊಡಲ್ಲ."

ಭಾವ ಇನ್‌ಸ್ಪೆಕ್ಟರ್ ಕಡೆ ನೋಡಿದ. ಅವಳು ಅಲುಗಾಡಲಿಲ್ಲ. ಕೊನೆಗೆ ಅವನು ಜೇಬಿನಿಂದ ಫೋನು ತೆಗೆದು, ಯಾರಿಗೋ "ಅವಳ ಕಿವಿಗೆ ಹಿಡಿ" ಎಂದು ಹೇಳಿ, ಸ್ಪೀಕರ್ ಒತ್ತಿ ಕಂಬಿಯ ಹತ್ತಿರ ಒಯ್ದ.

ಮೊದಲು ಬರೀ ಉಸಿರು. ಎಳೆದು ಎಳೆದು ಬಿಡುವ ಉಸಿರು.

"ಅಕ್ಕಾ," ಎಂದ ಡ್ರೈವರ್. ಅದಕ್ಕಿಂತ ಹೆಚ್ಚು ಅವನಿಂದಾಗಲಿಲ್ಲ.

"ಪುಟ್ಟಾ." ದನಿ ಒಣಗಿದ ಎಲೆಯಷ್ಟು ತೆಳ್ಳಗಿತ್ತು. "ಊಟ ಮಾಡಿದ್ಯಾ?"

ಅವನು ಹೌದೆಂದು ತಲೆಯಾಡಿಸಿದ, ಅವಳಿಗೆ ಕಾಣುತ್ತದೆ ಎನ್ನುವಂತೆ. ಕಣ್ಣೀರು ಗದ್ದಕ್ಕಿಳಿದಿತ್ತು. ಪೇದೆ ಮುಖ ಆಚೆ ತಿರುಗಿಸಿದ.

"ಪುಟ್ಟಾ, ಕೇಳು." ಒಮ್ಮೆಲೇ ಆ ದನಿಗೆ ಎಲ್ಲಿಂದಲೋ ಬಲ ಬಂತು. "ಅವರು ಕೇಳಿದ್ದನ್ನ ಕೊಡಬೇಡ. ಒಂದು ಹನೀನೂ ಕೊಡಬೇಡ. ಒಮ್ಮೆ ಕೊಟ್ರೆ ನಿನ್ನನ್ನ ಬಿಡಲ್ಲ. ಅದು ನನಗಲ್ಲ, ಮಗೂಗೆ..."

ಭಾವ ಫೋನನ್ನು ಸರಕ್ಕನೆ ಎಳೆದುಕೊಂಡ. ಆದರೆ ಅದಕ್ಕಿಂತ ಮೊದಲು, ಆ ಕಡೆಯಿಂದ ಇನ್ನೊಂದು ದನಿ ಕೇಳಿಸಿಬಿಟ್ಟಿತ್ತು: ಚಿಕ್ಕ ಮಗುವೊಂದು ನಿದ್ದೆಗಣ್ಣಿನಲ್ಲಿ "ಅಮ್ಮಾ" ಎಂದು ಕರೆದದ್ದು.